ಕಲ್ಲಿಲ್ಲದ ಮೂಲೆ

"ಅತ್ತಿಗಿ, ಆ ಮೂಲಿಗೆ ಕಲ್ಲ ಇಟ್ಟೇ ಇಲ್ಲಲ್ಲ! ಗಾಳಿ ಬರಾಕತ್ತೈತಿ!"

ಮೈದುನ ಹುಲಿಗೇಶ ಕೂಗಿದಾಗಲೇ ದುರುಗಮ್ಮನಿಗೆ ಅದು ಹೊಳೆದದ್ದು. ಬಂಗಾಳ ಕೊಲ್ಲಿಯಲ್ಲಿ ಎದ್ದ ಚಂಡಮಾರುತ ಸಂಜೆಯೊಳಗೆ ಇತ್ತ ಮುಟ್ಟುತ್ತದೆಂದು ಮೊಬೈಲುಗಳು ಬೆಳಗಿನಿಂದ ಒದರುತ್ತಿದ್ದವು. ಗೊರೇಬಾಳದ ರಸ್ತೆಯುದ್ದಕ್ಕೂ ಒಣಹಾಕಿದ್ದ ಭತ್ತವನ್ನು ಜನ ರಾಶಿ ಮಾಡಿ, ತಾಡಪತ್ರಿ ಹೊದಿಸಿ, ಮುಗಿಲು ನೋಡುತ್ತ ನಿಂತಿದ್ದರು.

ದುರುಗಮ್ಮ ತನ್ನ ತಾಡಪತ್ರಿಯ ಮೂರು ಮೂಲೆಗೆ ಕಲ್ಲು ಹೇರಿ, ನಾಲ್ಕನೆಯದನ್ನು ರೂಢಿಯಂತೆ ಬಿಟ್ಟಿದ್ದಳು. ಅದು ಗಂಡ ಪಂಪಣ್ಣನ ಮೂಲೆ. ಗಾಳಿ ಎದ್ದರೆ ಅದರ ಮೇಲೆ ತಾನೇ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದ. ಹೋದ ವರ್ಷ ಇವಳು ಎಷ್ಟು ಕರೆದರೂ ಏಳಲಿಲ್ಲ. ಅಲ್ಲೇ ಸಿಡಿಲು ಬಡಿಯಿತು.

ಅವಳು ಕಲ್ಲೊಂದನ್ನು ಎದೆಗವಚಿಕೊಂಡು ಓಡಿದಳು. ಅಷ್ಟರಲ್ಲಿ ಗಾಳಿ ಬಂದೇಬಿಟ್ಟಿತು. ಮೂರೂ ಮೂಲೆ ಕಲ್ಲು ಉರುಳಿಸಿ ಪಟಪಟನೆ ಮೇಲೆದ್ದವು. ಕಲ್ಲಿಲ್ಲದ ಮೂಲೆ ಮಾತ್ರ ಯಾರೋ ಒತ್ತಿ ಕೂತಂತೆ ನೆಲಕ್ಕಂಟಿಕೊಂಡೇ ಇತ್ತು.

ಗುಡುಗು ಹತ್ತಿರವಾಯಿತು. ದುರುಗಮ್ಮ ಕಲ್ಲನ್ನು ಕೆಳಗಿಟ್ಟು ಸೆರಗು ಸರಿಮಾಡಿಕೊಂಡಳು. "ರಾಶಿ ಹೋದ್ರ ಹೋಗ್ಲಿ," ಎಂದಳು. "ಈ ಸಲನಾರ ನನ್ನ ಮಾತ ಕೇಳ್ರಿ. ಎದ್ದು ಮನಿಗೆ ನಡೀರಿ."

ತಾಡಪತ್ರಿಯ ಆ ಮೂಲೆ ಹಗುರಾಗಿ, ಮೆಲ್ಲನೆ ಎದ್ದಿತು.