ಖರೆಯಾದ ಊಹೆ

ಸಕ್ಕರೆ ಕಾಯಿಲೆಯ ಹೊಸ ಗುಳಿಗೆಯ ಪರೀಕ್ಷೆ ಮುಗಿದಿತ್ತು. ಗುಳಿಗೆ ಸಕ್ಕರೆಯನ್ನು ಇಳಿಸಿರಲಿಲ್ಲ. ಆದರೆ ಅಂಕಿ ಅಂಶಗಳನ್ನು ಸುಮ್ಮನೆ ತಿರುವಿ ನೋಡುತ್ತಿದ್ದ ಸಂಶೋಧನಾ ವಿದ್ಯಾರ್ಥಿನಿಗೆ ಬೇರೆಯೇ ಒಂದು ಸಂಗತಿ ಕಂಡಿತು. ಹೃದಯ ದುರ್ಬಲವಾಗಿದ್ದವರಲ್ಲಿ ಈ ಗುಳಿಗೆ ನುಂಗಿದವರೇ ಹೆಚ್ಚು ಸತ್ತಿದ್ದರು.

"ಇದನ್ನ ಮೊದಲ ಊಹಿಸಿದ್ವಿ, ಅದಕ್ಕ ಪರೀಕ್ಷೆ ಮಾಡಿದ್ವಿ ಅಂತ ಬರಿ" ಎಂದರು ಮಾರ್ಗದರ್ಶಕರು.

"ಇಲ್ರೀ ಸರ್, ಹುಡುಕೂವಾಗ ಸಿಕ್ಕದ್ದಿದು. ಇದ್ದದ್ದು ಇದ್ದಂಗ ಬರದ್ರ ಬ್ಯಾರೆಯವರು ಮತ್ತ ಪರೀಕ್ಷೆ ಮಾಡಿ ನೋಡ್ತಾರ."

"ದಾರ್ಯಾಗ ಬಿದ್ದದ್ದು ಸಿಕ್ತು ಅಂದ್ರ ಯಾವ ಪತ್ರಿಕಿಯವರು ಹಾಕ್ತಾರವಾ? ನಿನಗ ಪಿಎಚ್‌ಡಿ ಬೇಕೋ ಬ್ಯಾಡೋ?"

ಅವಳು ತಿದ್ದಿ ಬರೆದಳು. ಲೇಖನ ಅಚ್ಚಾಯಿತು.

ಫಲಿತಾಂಶವನ್ನು ಪರೀಕ್ಷೆಗೆ ಒಳಗಾದವರ ಮುಂದೆಯೂ ತೆರೆದಿಡಬೇಕೆಂಬುದು ಯೋಜನೆಯ ನಿಯಮ. ಹಾಗಾಗಿ ಅವರನ್ನೂ ಅವರ ಮನೆಯವರನ್ನೂ ಸಭಾಂಗಣಕ್ಕೆ ಕರೆಸಿದ್ದರು. ಮಾರ್ಗದರ್ಶಕರು ಮೈಕ್ ಹಿಡಿದರು.

"ಹೃದಯ ದುರ್ಬಲ ಇದ್ದವರಿಗೆ ಈ ಗುಳಿಗಿ ಅಪಾಯ ಅಂತ ನಾವು ಶುರುವಿನಾಗ ಊಹಿಸಿದ್ವಿ. ನಮ್ಮ ಊಹೆ ಖರೆ ಆತು."

ವೇದಿಕೆಯ ಮೇಲಿದ್ದವರು ಚಪ್ಪಾಳೆ ತಟ್ಟಿದರು. ಕೆಳಗೆ ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಎದ್ದು ನಿಂತಳು. ವಿದ್ಯಾರ್ಥಿನಿಯ ವಯಸ್ಸಿನವಳೇ. ಉಳಿದ ಗುಳಿಗೆಗಳನ್ನು ವಾಪಸು ಕೊಡಲು ತಂದ ಡಬ್ಬಿ ಅವಳ ಕೈಯಲ್ಲಿತ್ತು.

"ಮೊದಲ ಗೊತ್ತಿತ್ತೇನ್ರೀ ಸರ್?"

"ಹೌದವಾ. ಹಂಗಂತ ಬರದೀವಲ್ಲ."

"ಮತ್ತ ನಮ್ಮನಿಯವರಿಗೆ ಯಾಕ ನುಂಗಿಸಿದ್ರಿ?"