ಹೆಲ್ಮೆಟ್ಟಿನೊಳಗಿನ ದನಿ

ಮೊದಲ ಗುಂಡು ರೇಡಿಯೋ ಮಾತುಗಾರ ಕ್ರಿಸಾಂತೊನ ಭುಜ ಸೀಳಿ, ಇದೇ ಕುರ್ಚಿಯಲ್ಲಿ ಕೊಲೆಯಾಗಿದ್ದ ಹಿಂದಿನ ಮಾತುಗಾರನ ಪಟಕ್ಕೆ ಬಡಿಯಿತು. ಮೇಯರನ ಮರಳು ದಂಧೆಯ ಬಗ್ಗೆ ಅವನು ಆಡುತ್ತಿದ್ದ ಮಾತು ಅರ್ಧಕ್ಕೇ ನಿಂತಿತು. ರೇಡಿಯೋ ಕೇಂದ್ರದ ಮೈಕಿನ ಕೆಂಪು ದೀಪ ಮಾತ್ರ ಉರಿಯುತ್ತಲೇ ಇತ್ತು. ದ್ವೀಪದ ಅಂಗಡಿ, ದೋಣಿ, ಅಡುಗೆಮನೆಗಳೆಲ್ಲ ಕೇಳುತ್ತಿದ್ದವು.

"ಬೊಗಳೋ ಈಗ! ದಿನಾ ಬೊಗಳ್ತಿದ್ಯಲ್ಲ!" ಬಂದವನು ಹೆಲ್ಮೆಟ್ಟನ್ನೂ ತೆಗೆಯದೆ, ಪಿಸ್ತೂಲಿನ ಹಿಡಿಯಿಂದ ಅವನ ಬಾಯಿಗೆ ಗುದ್ದಿದ. ಹಲ್ಲೊಂದು ಮೇಜಿನ ಮೇಲೆ ಬಿತ್ತು. "ಪ್ರಾಣಭಿಕ್ಷೆ ಬೇಡು, ಊರೆಲ್ಲ ಕೇಳ್ಲಿ."

ಅಷ್ಟರಲ್ಲಿ ಫೋನು ಮಿನುಗಿತು. ಕ್ರಿಸಾಂತೊನ ರಕ್ತದ ಕೈ ಅಭ್ಯಾಸಬಲದಿಂದ ಗುಂಡಿ ಒತ್ತಿತು. "ಹೇಳಿ... ಊರು ಕೇಳ್ತಾ ಇದೆ."

ಮೇಯರನನ್ನು ಬೈಯಲು ದಿನಾ ಬೆಳಗ್ಗೆ ಫೋನು ಮಾಡುವ, ಮೀನು ಮಾರುವ ಪಾಸಿಂಗಳ ದನಿ ಸ್ಪೀಕರಿನಲ್ಲಿ ಕೇಳಿಸಿತು. "ಕ್ರಿಸಾಂತೊ, ನೀನು ಸುಮ್ನಿರಪ್ಪ. ನಾನು ಅವನ ಹತ್ರ ಮಾತಾಡ್ಬೇಕು. ಜುನ್ರೆಲ್, ಸೆಬು ಪಟ್ಟಣದಲ್ಲಿ ಬ್ರೆಡ್ ಕಾರ್ಖಾನೇಲಿ ಕೆಲಸ ಅಂದಿದ್ದೆಯಲ್ಲೋ."

ಎರಡನೆಯ ಗುಂಡಿಗೆ ಫೋನು ಚೂರುಚೂರಾಯಿತು. ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಹೆಲ್ಮೆಟ್ಟಿನೊಳಗಿಂದ ಅವನು "ಅಮ್ಮಾ" ಎಂದದ್ದು ಇಡೀ ದ್ವೀಪಕ್ಕೆ ಕೇಳಿಸಿತು.