ತಿರುಗಿ ಹೇಳುವ ನಿಯಮ

ರೈಲಿನ ಕಿಟಕಿಗೆ ಮುಖ ತಿರುಗಿಸಿಕೊಂಡು ಗ್ಲೆಂಡಾ, ರೈಲ್ವೆಯ ರೇಡಿಯೋ ಮಾತುಕತೆ ಹಿಡಿಯುವ ಸ್ಕ್ಯಾನರಿನ ಇಯರ್‌ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಆ ಪೆಟ್ಟಿಗೆಯಲ್ಲಿ ಕೇಳಬಹುದಿತ್ತು, ಮಾತಾಡುವಂತಿರಲಿಲ್ಲ. ಎಂಟು ವರ್ಷದಿಂದ ಅವಳೊಡನೆ ಮಾತು ಬಿಟ್ಟಿದ್ದ ಮಗಳು ಟೆಸ್ಸಾ, ಕಂಟ್ರೋಲ್ ರೂಮಿನಿಂದ ಈ ರೈಲಿನ ಚಾಲಕನಿಗೆ ಆದೇಶ ಓದುತ್ತಿದ್ದಳು.

"ಹಾರ್ಲೋವರೆಗೂ ದಾರಿ ಖಾಲಿ."

ಚಾಲಕ ನಿಯಮದಂತೆ ಅದನ್ನೇ ತಿರುಗಿ ಹೇಳಿದ. ಪ್ರತಿ ಪ್ರಯಾಣದಲ್ಲೂ ಆಗುವಂತೆ, ಗ್ಲೆಂಡಾಳ ತುಟಿಗಳೂ ಸದ್ದಿಲ್ಲದೆ ಹೇಳಿದವು.

"ಸರಿ ಇದೆ," ಎಂದಳು ಮಗಳು. ತನಗೇ ಉತ್ತರ ಕೊಟ್ಟಂತೆ ಕೇಳುವ ಆ ಒಂದು ಮಾತಿಗಾಗಿಯೇ ಗ್ಲೆಂಡಾ ತಿಂಗಳಿಗೊಮ್ಮೆ ರೈಲು ಹತ್ತುತ್ತಿದ್ದಳು.

"ನಾಳೆಯಿಂದ ರಜೆಯಂತೆ, ಅಲ್ವಾ ಮೇಡಂ," ಚಾಲಕ ಸಲಿಗೆಯಿಂದ ಕೇಳಿದ. "ಬಾಣಂತನಕ್ಕೆ ಅಮ್ಮ ಬರ್ತಾರಾ?"

ಮೊಮ್ಮಗುವಿನ ಸುದ್ದಿ ಗ್ಲೆಂಡಾಳಿಗೆ ಸಿಕ್ಕಿದ್ದು ಹೀಗೆ.

"ನಂಗೆ ಅಮ್ಮ ಇಲ್ಲ."

"ಅಮ್ಮ ಇಲ್ಲ," ಚಾಲಕ ಅಭ್ಯಾಸಬಲದಿಂದ ತಿರುಗಿ ಹೇಳಿದ. ಗ್ಲೆಂಡಾಳ ತುಟಿಗಳೂ ಹೇಳಿಬಿಟ್ಟವು.

"ಸರಿ ಇದೆ," ಎಂದಳು ಮಗಳು.